ಫೋಟೋದಲ್ಲಿ ಕಾಣದ ಸುಸ್ತು

ಮನೆಯಲ್ಲಿ ಹೆಂಗಸಿಗೆ ಕಾಯಿಲೆ ಬಂದರೆ ಅದಕ್ಕೊಂದು ಸಾಕ್ಷಿ ಬೇಕು. ಇದನ್ನು ನೀವು ಗಮನಿಸಿದ್ದೀರಾ? ಜ್ವರ ಬಂದರೆ ಥರ್ಮಾಮೀಟರು ಸಾಕ್ಷಿ ಹೇಳುತ್ತದೆ. ಬಚ್ಚಲಲ್ಲಿ ಜಾರಿ ಕೈ ಮುರಿದರೆ ಪ್ಲಾಸ್ಟರ್ ಹಾಕಿದ ಕೈಯೇ ಸಾಕ್ಷಿ. ‘ಪಾಪ, ಮಲಗಲಿ ಬಿಡಿ’ ಅಂತಾರೆ ಎಲ್ಲರೂ. ಆದರೆ ಕಣ್ಣಿಗೆ ಕಾಣುವ ಗುರುತು ಯಾವುದೂ ಇಲ್ಲದೆ ಬರೀ ‘ಸುಸ್ತು’ ಅಂದು ನೋಡಿ. ಮೊದಲ ದಿನ ವಿಚಾರಿಸುತ್ತಾರೆ, ಎರಡನೆಯ ದಿನ ಸುಮ್ಮನಿರುತ್ತಾರೆ, ಮೂರನೆಯ ದಿನ ‘ಇವಳದ್ದು ಯಾವಾಗಲೂ ಇದ್ದಿದ್ದೇ’ ಅಂತಾರೆ.

ನಾನು ಹೇಳಹೊರಟಿರುವುದು ಅಂಥದೊಂದು ಸುಸ್ತಿನ ಕತೆ. ಅದರ ಜೊತೆಗೆ ನನ್ನದೊಂದು ತಪ್ಪಿನ ಕತೆಯೂ ಇದೆ. ಅದನ್ನು ಕೊನೆಗೆ ಹೇಳುತ್ತೇನೆ.

2021ರ ಮೇ ತಿಂಗಳು. ಆ ತಿಂಗಳನ್ನು ಯಾರು ಮರೆತಾರು? ತುಮಕೂರು ಜಿಲ್ಲೆಯ ನಮ್ಮ ಪುಟ್ಟ ಊರಿನಲ್ಲೂ ಬೀದಿಗೆರಡು ಮನೆಗೆ ಕೊರೊನಾ. ನಮ್ಮಲ್ಲಿ ನಾಲ್ವರಿಗೂ ಬಂತು. ದೇವರ ದಯೆ, ಯಾರೂ ಆಸ್ಪತ್ರೆ ಸೇರಬೇಕಾಗಲಿಲ್ಲ. ಎಪ್ಪತ್ತೆಂಟು ವರ್ಷದ ನಮ್ಮ ಅತ್ತೆಯವರೇ ಹತ್ತು ದಿನಕ್ಕೆ ಎದ್ದು ಹೂ ಕಟ್ಟಲು ಕೂತರು. ಇವರು ಹದಿನೈದು ದಿನಕ್ಕೆ ಅಂಗಡಿ ಬಾಗಿಲು ತೆಗೆಯುವ ಮಾತಾಡಿದರು. ಮಗಳಿಗೆ ನೆಗಡಿಯಂತೆ ಬಂದು ಹೋಯಿತು. ನನಗೂ ಜ್ವರ ಬಿಟ್ಟಿತು, ಕೆಮ್ಮು ನಿಂತಿತು. ಎಲ್ಲ ಮುಗಿಯಿತು ಅಂದುಕೊಂಡೆ.

ಮುಗಿಯಲಿಲ್ಲ. ಎರಡು ತಿಂಗಳಾದ ಮೇಲೂ ಮಹಡಿಯ ಮೇಲೆ ಒಣಹಾಕಿದ ಬಟ್ಟೆ ತರಲು ಹೋದರೆ ಹದಿನೆಂಟು ಮೆಟ್ಟಿಲಿಗೆ ಎರಡು ಸಲ ಕೂರುತ್ತಿದ್ದೆ. ಒಂದು ದಿನ ಸ್ವಲ್ಪ ಮೈ ಹಗುರ ಅನ್ನಿಸಿತೆಂದು ಮನೆಯೆಲ್ಲ ಒರೆಸಿ, ದೋಸೆಗೆ ರುಬ್ಬಿಟ್ಟರೆ, ಮರುದಿನವಲ್ಲ, ಅದರ ಮಾರನೆಯ ದಿನವೂ ಹಾಸಿಗೆ ಬಿಟ್ಟು ಏಳಲು ಆಗುತ್ತಿರಲಿಲ್ಲ. ಮೂಗಿಗೆ ಇಂಗಿನ ವಾಸನೆ ಗೊತ್ತಾಗುತ್ತಿರಲಿಲ್ಲ. ಹಾಲು ಉಕ್ಕಿ, ತಳ ಹಿಡಿದು, ಪಕ್ಕದ ಮನೆಯವರು ಬಂದು ‘ಏನ್ರೀ ಸೀದ ವಾಸ್ನೆ’ ಅಂದ ಮೇಲೆ ಒಲೆ ಆರಿಸಿದ್ದುಂಟು. ಡಬ್ಬದ ಮುಚ್ಚಳ ಕೈಯಲ್ಲಿ ಹಿಡಿದು, ನಾನು ಬಂದಿದ್ದು ಬೇಳೆಗೋ ಮೆಣಸಿನಕಾಯಿಗೋ ಎಂದು ನಿಂತೇ ಇರುತ್ತಿದ್ದೆ.

ಸೆಪ್ಟೆಂಬರಿನಲ್ಲಿ ನಾನು ಹಟ ಹಿಡಿದೆ. ಎದೆಯ ಸ್ಕ್ಯಾನ್ ಆಗಲೇಬೇಕು ಅಂದೆ. ಚೀಟಿ ಎತ್ತಿದ ದುಡ್ಡಿತ್ತು. ಇವರು ಜಿಲ್ಲಾ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಒಂದು ಕಡೆ ಸಿ.ಟಿ. ಸ್ಕ್ಯಾನ್ ಮಾಡಿಸಿದರು. ದೊಡ್ಡ ಕೋಡುಬಳೆಯಂಥ ಯಂತ್ರ. ಅದರೊಳಗೆ ಮಂಚ ಸರಿಯಿತು, ಉಸಿರು ಹಿಡಿಯಿರಿ ಅಂದರು, ಬಿಡಿ ಅಂದರು. ಅಷ್ಟೇ. ಸಂಜೆಗೆ ರಿಪೋರ್ಟು ಬಂತು.

‘ಎಲ್ಲಾ ನಾರ್ಮಲ್ ಇದೆಯಮ್ಮ. ಮನಸ್ಸಿಗೆ ಹಚ್ಕೋಬೇಡಿ. ಮನೆ ಕೆಲಸ ಮಾಡ್ಕೊಂಡು ಆರಾಮಾಗಿರಿ.’

ಬಸ್ಸಿನಲ್ಲಿ ಇವರ ಮುಖದಲ್ಲಿ ನೆಮ್ಮದಿ. ‘ನೋಡು, ಏನೂ ಇಲ್ವಂತೆ’ ಅಂದರು. ನಾನು ಕಿಟಕಿ ಕಡೆ ತಿರುಗಿ ಅತ್ತೆ. ನಾರ್ಮಲ್ ಅಂತ ಬಂದಿದ್ದಕ್ಕೆ ಅತ್ತವಳು ನಾನೊಬ್ಬಳೇ ಇರಬೇಕು ಎಂದು ಆಗ ಅನ್ನಿಸಿತು. ಏನಾದರೂ ಸಣ್ಣದು ಸಿಕ್ಕಿದ್ದರೆ ಚೆನ್ನಾಗಿತ್ತು ಅಂತ ಬಯಸಿದೆನಲ್ಲ, ಅದಕ್ಕೆ ನಾಚಿಕೆಯೂ ಆಯಿತು. ಮನೆಗೆ ಬಂದ ಮೇಲೆ ನಾನು ಸುಸ್ತು ಅಂದಾಗಲೆಲ್ಲ ಆ ದೊಡ್ಡ ಕವರು ನನ್ನ ವಿರುದ್ಧದ ಸಾಕ್ಷಿಯಾಯಿತು. ‘ಡಾಕ್ಟ್ರೇ ಏನಿಲ್ಲ ಅಂದ್ಮೇಲೆ ಇನ್ನೇನೇ?’ ಇವರು ಕೆಟ್ಟವರಲ್ಲ, ನಿಮ್ಮ ಮನೆಯವರ ಹಾಗೆಯೇ ಒಳ್ಳೆಯವರು. ಆದರೆ ಕಾಗದದಲ್ಲಿದ್ದುದನ್ನು ನಂಬಿದರು.

ಹೀಗೆ ಒಂದು ವರ್ಷ ಕಳೆಯಿತು. 2022ರ ಜೂನ್‌ನಲ್ಲಿ ಮಗಳು ಮೈಸೂರಿನಿಂದ ಬಂದಳು. ಎಂ.ಎಸ್ಸಿ. ಫಿಸಿಕ್ಸ್ ಓದುತ್ತಿದ್ದಳು. ಅವಳೇ ಬಲವಂತ ಮಾಡಿ ಶ್ವಾಸಕೋಶದ ಡಾಕ್ಟರೊಬ್ಬರ ಬಳಿಗೆ ಕರೆದುಕೊಂಡು ಹೋದಳು. ಚಿಕ್ಕ ವಯಸ್ಸಿನ ಲೇಡಿ ಡಾಕ್ಟರ್. ಮೊದಲು ರಿಪೋರ್ಟು ನೋಡಲಿಲ್ಲ, ನನ್ನ ಮಾತು ಕೇಳಿದರು. ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಬಿ12, ಇ.ಸಿ.ಜಿ. ಎಲ್ಲವನ್ನೂ ಮಾಡಿಸಿದರು. ಈ ಸುಸ್ತಿಗೆ ಬೇರೆ ಕಾರಣವಿದ್ದರೆ ಮೊದಲು ಅದನ್ನು ಹುಡುಕಬೇಕಂತೆ. ಆಮೇಲೆ ಆಸ್ಪತ್ರೆಯ ಪಡಸಾಲೆಯಲ್ಲಿ ಆರು ನಿಮಿಷ ನಡೆಸಿದರು. ಎಷ್ಟು ಮೀಟರ್ ನಡೆದೆ, ಬೆರಳಿಗೆ ಹಾಕಿದ ಯಂತ್ರದಲ್ಲಿ ಆಕ್ಸಿಜನ್ ಎಷ್ಟು, ನಾಡಿ ಎಷ್ಟು ಎಂದು ಬರೆದುಕೊಂಡರು.

ಆಮೇಲೆ ಅಂದರು, ‘ಅಮ್ಮ, ಇದಕ್ಕೆ ಲಾಂಗ್ ಕೋವಿಡ್ ಅಂತಾರೆ. ನಿಮ್ಮ ಸುಸ್ತು ನಿಜ.’

ನಿಮ್ಮ ಸುಸ್ತು ನಿಜ! ಆ ಮೂರು ಮಾತಿಗೆ ನಾನು ಒಂದು ವರ್ಷ ಕಾದಿದ್ದೆ.

‘ಹಾಗಾದರೆ ಸ್ಕ್ಯಾನ್ ಸುಳ್ಳು ಹೇಳಿತೇ?’ ಅಂದೆ.

‘ಇಲ್ಲಮ್ಮ, ಅದು ನಿಜವನ್ನೇ ಹೇಳಿತು. ಆದರೆ ಅದನ್ನು ಕೇಳಿದ ಪ್ರಶ್ನೆಗೆ ಮಾತ್ರ. ನಿಮ್ಮನೇಲಿ ಕಾಫಿ ಫಿಲ್ಟರ್ ಇದೆಯಲ್ಲ?’

ಇಲ್ಲದೆ ಇರುತ್ತದೆಯೇ? ಅದನ್ನು ಬೆಳಕಿಗೆ ಹಿಡಿದು ನೋಡುತ್ತೀರಿ. ತಳ ಸವೆದಿಲ್ಲ, ತೂತು ದೊಡ್ಡದಾಗಿಲ್ಲ, ನೆಗ್ಗಿಲ್ಲ. ಫಿಲ್ಟರ್ ‘ನಾರ್ಮಲ್’! ಪುಡಿ ಹಾಕಿ ಬಿಸಿನೀರು ಹೊಯ್ದರೆ ಅರ್ಧ ಗಂಟೆಯಾದರೂ ಕೆಳಗೆ ನಾಲ್ಕೇ ಹನಿ. ಕಣ್ಣಿಗೆ ಕಾಣದ ಜಿಡ್ಡು ಸಣ್ಣ ತೂತುಗಳಲ್ಲಿ ಕೂತಿರುತ್ತದೆ. ಫಿಲ್ಟರಿನ ಆಕಾರ ನೋಡುವುದು ಬೇರೆ, ಅದರಲ್ಲಿ ಡಿಕಾಕ್ಷನ್ ಇಳಿಯುತ್ತದೆಯೇ ನೋಡುವುದು ಬೇರೆ. ಸಿ.ಟಿ. ಸ್ಕ್ಯಾನ್ ಮುಖ್ಯವಾಗಿ ಆಕಾರ ನೋಡುತ್ತದೆ. ನ್ಯುಮೋನಿಯಾ, ಗಂಟು, ಗಾಯದ ಕಲೆ, ನೀರು ತುಂಬಿದ್ದು, ಇವೆಲ್ಲ ಅದಕ್ಕೆ ಚೆನ್ನಾಗಿ ಕಾಣುತ್ತವೆ. ಆದರೆ ನಮ್ಮ ಶ್ವಾಸಕೋಶದಲ್ಲಿ ಗಾಳಿ ತುಂಬುವ ಕೋಟಿಗಟ್ಟಲೆ ಪುಟ್ಟ ಗೂಡುಗಳಿವೆ. ಒಂದೊಂದೂ ಸುಮಾರು ಮಿಲಿಮೀಟರಿನ ಐದನೇ ಒಂದು ಪಾಲು. ಅದರ ಗೋಡೆಯಂತೂ ತಲೆಕೂದಲಿಗಿಂತ ಎಷ್ಟೋ ಪಾಲು ತೆಳು. ಆ ಗೋಡೆ ದಾಟಿ ಆಕ್ಸಿಜನ್ ರಕ್ತಕ್ಕೆ ಸೇರಬೇಕು. ಸೇರುತ್ತಿದೆಯೋ ಇಲ್ಲವೋ ಎಂಬುದು ಸಾಧಾರಣ ಸಿ.ಟಿ. ಫೋಟೋದಲ್ಲಿ ಕಾಣುವುದಿಲ್ಲ.

ಮನೆಗೆ ಬಂದ ಮೇಲೆ ಮಗಳು ಇನ್ನೂ ಓದಿ ಹೇಳಿದಳು. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಪ್ರೊ. ಫರ್ಗಸ್ ಗ್ಲೀಸನ್, ಶೆಫೀಲ್ಡ್‌ನಲ್ಲಿ ಪ್ರೊ. ಜಿಮ್ ವೈಲ್ಡ್ ಎಂಬ ವಿಜ್ಞಾನಿಗಳು ಇದನ್ನೇ ಹುಡುಕಿಕೊಂಡು ಹೊರಟಿದ್ದರಂತೆ. ಅವರು ಬಳಸಿದ್ದು ಝೆನಾನ್ ಎಂಬ ಅನಿಲ. ನಮ್ಮ ಊರಿನ ಟಾಕೀಸುಗಳಲ್ಲಿ ಕಾರ್ಬನ್ ಕಡ್ಡಿಯ ದೀಪ ಹೋಗಿ ಹೊಸ ದೀಪ ಬಂತಲ್ಲ, ಅದರೊಳಗಿದ್ದುದು ಇದೇ ಝೆನಾನ್! 1898ರಲ್ಲಿ ಇದನ್ನು ಕಂಡುಹಿಡಿದ ವಿಲಿಯಂ ರಾಮ್ಸೆ ಮತ್ತು ಮಾರಿಸ್ ಟ್ರಾವರ್ಸ್ ಗ್ರೀಕ್ ಭಾಷೆಯ ಪದವೊಂದರಿಂದ ಹೆಸರಿಟ್ಟರು. ಆ ಪದಕ್ಕೆ ಅಪರಿಚಿತ ಅಂತಲೂ ಅತಿಥಿ ಅಂತಲೂ ಅರ್ಥ. ಎಷ್ಟು ಸರಿಯಾದ ಹೆಸರು ನೋಡಿ. ಈ ಅತಿಥಿ ಮನೆಯೊಳಗೆ ಬಂದು, ಏನನ್ನೂ ಕೆಡಿಸದೆ, ಯಾರ ಜೊತೆಗೂ ಸೇರದೆ, ಎಲ್ಲ ಕೋಣೆ ಸುತ್ತಿ ಹೊರಟುಹೋಗುತ್ತಾನೆ.

ಎಂ.ಆರ್.ಐ. ಯಂತ್ರ ಗೊತ್ತಲ್ಲ, ದೊಡ್ಡ ಅಯಸ್ಕಾಂತದ್ದು? ಅದು ಮುಖ್ಯವಾಗಿ ಮೈಯೊಳಗಿನ ನೀರು, ಕೊಬ್ಬುಗಳಿಂದ ಬರುವ ಸಂಕೇತ ಹಿಡಿಯುತ್ತದೆ. ಶ್ವಾಸಕೋಶದಲ್ಲಿ ತುಂಬಿರುವುದು ಗಾಳಿ, ಹಾಗಾಗಿ ಸಾಧಾರಣ ಎಂ.ಆರ್.ಐ.ಯಲ್ಲಿ ಅದು ಕತ್ತಲೆ ಕೋಣೆ. ಝೆನಾನನ್ನು ಲೇಸರ್ ಬೆಳಕಿನ ಸಹಾಯದಿಂದ ಮೊದಲೇ ಸಜ್ಜುಮಾಡಿಕೊಂಡರೆ ಅದರ ಸಂಕೇತ ಸಾವಿರಾರು ಪಟ್ಟು ಬಲವಾಗುತ್ತದೆ. ಒಂದು ಚೀಲದಿಂದ ಅದನ್ನು ಒಳಗೆಳೆದುಕೊಂಡು ಹತ್ತು ಹದಿನೈದು ಸೆಕೆಂಡು ಉಸಿರು ಹಿಡಿಯಬೇಕು. ಅಷ್ಟರಲ್ಲಿ ಅದು ಆಕ್ಸಿಜನ್ ಹೋಗುವ ದಾರಿಯಲ್ಲೇ ಹೋಗಿ ರಕ್ತ ಸೇರುತ್ತದೆ. ಅದು ಗಾಳಿಗೂಡಿನಲ್ಲಿದ್ದಾಗ ಒಂದು ಸ್ವರ, ಗೋಡೆಯಲ್ಲಿದ್ದಾಗ ಇನ್ನೊಂದು ಸ್ವರ, ರಕ್ತದ ಕೆಂಪುಕಣಕ್ಕೆ ಸೇರಿದಾಗ ಮತ್ತೊಂದು ಸ್ವರ. ಶ್ರುತಿಪೆಟ್ಟಿಗೆಯ ಮನೆ ಬದಲಾಯಿಸಿದ ಹಾಗೆ. ಆ ಸ್ವರ ಕೇಳಿಯೇ ಯಂತ್ರ, ಎಷ್ಟು ಅನಿಲ ಗೋಡೆ ದಾಟಿತು ಎಂದು ಲೆಕ್ಕ ಹಾಕುತ್ತದೆ. ಎಕ್ಸ್‌ರೇಯ ವಿಕಿರಣವೂ ಇಲ್ಲ.

ಇವರ ತಂಡ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಟ್ಟು 36 ಜನರಿದ್ದರು. ಆಸ್ಪತ್ರೆ ಸೇರದೆಯೇ ಕೊರೊನಾ ಕಳೆದು, ಆಮೇಲೂ ಏದುಸಿರು ಬಿಡುತ್ತಿದ್ದವರು 11. ಆಸ್ಪತ್ರೆ ಸೇರಿ ಬಂದವರು 12. ಆರೋಗ್ಯವಂತರು 13. ಆ 11 ಜನರ ಸಿ.ಟಿ. ನನ್ನ ಹಾಗೆಯೇ ನಾರ್ಮಲ್. ಆದರೆ ಝೆನಾನ್ ಚಿತ್ರದಲ್ಲಿ, ಅನಿಲ ರಕ್ತಕ್ಕೆ ಸೇರುವುದು ಆರೋಗ್ಯವಂತರಿಗಿಂತ ಅವರಲ್ಲಿ ಕಡಿಮೆಯಿತ್ತು. ಮನೆಯಲ್ಲೇ ಇದ್ದು ಗುಣವಾದವರಲ್ಲೂ!

ಮಗಳು ಇದನ್ನು ಓದುತ್ತಿದ್ದಾಗ ಇವರು ಪೇಪರ್ ಮಡಿಸಿಟ್ಟು ಕೇಳುತ್ತಿದ್ದರು. ಏನೂ ಹೇಳಲಿಲ್ಲ. ಸಂಜೆ ನಾನು ಕೇಳುವ ಮೊದಲೇ ಮಹಡಿ ಹತ್ತಿ ಬಟ್ಟೆ ತಂದು, ಅವರಿಗೆ ತೋಚಿದ ಹಾಗೆ ಮಡಿಸಿಟ್ಟರು. ಸೀರೆಯನ್ನು ಟವಲಿನ ಹಾಗೆ ಮಡಿಸಿದ್ದರು. ನಾನು ಅದನ್ನು ತಿದ್ದಲು ಹೋಗಲಿಲ್ಲ.

ಮೂಗಿನ ವಿಷಯವೂ ಸುಮ್ಮನೆ ಅಲ್ಲ. ಬ್ರಿಟನ್ನಿನಲ್ಲಿ ಕೊರೊನಾ ಬರುವ ಮೊದಲೇ ಸಾವಿರಾರು ಜನರ ಮೆದುಳಿನ ಸ್ಕ್ಯಾನ್ ತೆಗೆದಿಟ್ಟಿದ್ದರು. ಅವರಲ್ಲಿ 51ರಿಂದ 81 ವರ್ಷದ 785 ಜನರನ್ನು ಮತ್ತೆ ಕರೆದು ಎರಡನೆಯ ಸಲ ಸ್ಕ್ಯಾನ್ ಮಾಡಿದರು. ನಡುವೆ ಕೊರೊನಾ ಬಂದುಹೋದವರು 401 ಮಂದಿ, ಹೆಚ್ಚಿನವರಿಗೆ ಸೌಮ್ಯವಾಗಿಯೇ. ಆಕ್ಸ್‌ಫರ್ಡ್‌ನ ಗ್ವೆನಾಯೆಲ್ ದುವೊ ಎಂಬ ವಿಜ್ಞಾನಿ ಮತ್ತು ಸಂಗಡಿಗರು 2022ರ ಮಾರ್ಚ್‌ನಲ್ಲಿ ಫಲಿತಾಂಶ ಪ್ರಕಟಿಸಿದರು. ಕೊರೊನಾ ಬಂದವರಲ್ಲಿ, ವಾಸನೆಗೆ ಸಂಬಂಧಪಟ್ಟ ಕೆಲವು ಭಾಗಗಳು ಉಳಿದವರಿಗಿಂತ ಸರಾಸರಿ ಶೇಕಡಾ 0.2ರಿಂದ 2ರಷ್ಟು ಹೆಚ್ಚು ಕುಗ್ಗಿದ್ದವು. ಇದನ್ನು ಕೇಳಿ ಹೆದರಬೇಡಿ. ಇದು ನೂರಾರು ಜನರ ಸರಾಸರಿ. ಒಬ್ಬರ ಸ್ಕ್ಯಾನ್ ಹಿಡಿದು ‘ನಿಮ್ಮ ಮೆದುಳು ಕುಗ್ಗಿದೆ’ ಎನ್ನಲು ಬರುವುದಿಲ್ಲ. ಆದರೆ ಇಂಗಿನ ವಾಸನೆ ತಿಳಿಯದ ನನ್ನ ಗೋಳು ಬರೀ ಹುಚ್ಚಲ್ಲ ಎಂದು ತಿಳಿದು ನನಗಂತೂ ಸಮಾಧಾನವಾಯಿತು.

ಇಷ್ಟು ಓದಿ ನೀವು ನಾಳೆಯೇ ಸ್ಕ್ಯಾನ್ ಮಾಡಿಸಲು ಬಸ್ಸು ಹತ್ತಬೇಡಿ, ದಮ್ಮಯ್ಯ! ಝೆನಾನ್ ಸ್ಕ್ಯಾನ್ ಎಲ್ಲ ಊರಲ್ಲೂ ಸಿಗುವಂಥದಲ್ಲ. ಅಮೆರಿಕದಲ್ಲೇ ಅದಕ್ಕೆ ಸರ್ಕಾರದ ಒಪ್ಪಿಗೆ ಸಿಕ್ಕಿದ್ದು 2022ರ ಡಿಸೆಂಬರಿನಲ್ಲಿ. ಸಿಕ್ಕಿದರೂ ಅದು ಔಷಧಿಯಲ್ಲ. ಅನಿಲ ಕಡಿಮೆ ದಾಟುವುದೊಂದೇ ಎಲ್ಲರ ಸುಸ್ತಿಗೂ ಕಾರಣ ಅಂತಲೂ ಅಲ್ಲ. ಇನ್ನು ಸಿ.ಟಿ. ವಿಷಯ. 2021ರಲ್ಲಿ ಮಕ್ಕಳ ಮಾರ್ಕ್ಸು ಕೇಳಿದ ಹಾಗೆ ‘ಇಪ್ಪತ್ತೈದಕ್ಕೆ ಎಷ್ಟು ಬಂತು?’ ಎಂದು ಸಿ.ಟಿ. ಸ್ಕೋರ್ ಕೇಳುತ್ತಿದ್ದೆವಲ್ಲ? ಆ ಮೇ ತಿಂಗಳಲ್ಲೇ ದೆಹಲಿಯ ಏಮ್ಸ್‌ನ ಆಗಿನ ನಿರ್ದೇಶಕ ಡಾ. ರಣದೀಪ್ ಗುಲೇರಿಯಾ, ಸೌಮ್ಯ ರೋಗಕ್ಕೆ ಸಿ.ಟಿ. ಬೇಡ, ವಿಕಿರಣದಿಂದ ಹಾನಿಯುಂಟು ಎಂದು ಎಚ್ಚರಿಸಿದ್ದರು. ಡಾಕ್ಟರು ಬರೆದುಕೊಟ್ಟರೆ ಖಂಡಿತ ಮಾಡಿಸಿ, ನಾವೇ ನಿಶ್ಚಯ ಮಾಡಿಕೊಂಡು ಹೋಗುವುದು ಬೇಡ.

ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರಿನಲ್ಲಿ ಈ ಕಾಯಿಲೆಯನ್ನು ಗುರುತಿಸುವ ಕ್ರಮ ಹೇಳಿತು. ಕೊರೊನಾ ಬಂದು ಸಾಮಾನ್ಯವಾಗಿ ಮೂರು ತಿಂಗಳಾದರೂ ತೊಂದರೆ ಇದ್ದು, ಅದು ಕನಿಷ್ಠ ಎರಡು ತಿಂಗಳಾದರೂ ಉಳಿದಿದ್ದು, ಬೇರೆ ಕಾಯಿಲೆ ಅದಕ್ಕೆ ಕಾರಣವಲ್ಲ ಎಂದಾಗ. ಅದರಲ್ಲಿ ‘ಸ್ಕ್ಯಾನ್‌ನಲ್ಲಿ ಕಾಣಬೇಕು’ ಎಂಬ ಮಾತೇ ಇಲ್ಲ. ಇನ್ನೊಂದು ಸ್ವಾರಸ್ಯ ಹೇಳಲೇ? ‘ಲಾಂಗ್ ಕೋವಿಡ್’ ಎಂಬ ಹೆಸರಿಟ್ಟವರು ಡಾಕ್ಟರಲ್ಲ, ಒಬ್ಬ ರೋಗಿ. ಎಲಿಸಾ ಪೆರೆಗೊ ಎಂಬ ಇಟಲಿಯ ಪುರಾತತ್ವ ವಿದ್ವಾಂಸೆ, 2020ರ ಮೇ ತಿಂಗಳಲ್ಲಿ. ಯಂತ್ರಕ್ಕೆ ಕಾಣುವ ಮೊದಲೇ ಹೆಂಗಸೊಬ್ಬಳು ತನ್ನ ಮೈಯ ಮಾತು ಕೇಳಿ ಹೆಸರಿಟ್ಟಳು.

ನನಗೆ ಡಾಕ್ಟರು ಕೊಟ್ಟ ಔಷಧಿ ಏನು ಗೊತ್ತೇ? ‘ಸುಸ್ತಾಗುವ ಮೊದಲೇ ಕೂರಿ.’ ಕೇಳಲು ಸುಲಭ, ನಮ್ಮಂಥವರಿಗೆ ಎಷ್ಟು ಕಷ್ಟ! ಕೆಲಸ ಮುಗಿಸಿ ಕೂರಬೇಕೆಂದೇ ನಮ್ಮ ಅಮ್ಮಂದಿರು ಕಲಿಸಿದ್ದು. ಈಗ ತರಕಾರಿಯನ್ನು ಸ್ಟೂಲಿನ ಮೇಲೆ ಕೂತು ಹೆಚ್ಚುತ್ತೇನೆ. ಮನೆ ಒರೆಸಿದ ದಿನ ರುಬ್ಬುವುದಿಲ್ಲ, ರುಬ್ಬಿದ ದಿನ ಬಟ್ಟೆಗೆ ಕೈ ಹಾಕುವುದಿಲ್ಲ. ಮೈ ಹಗುರವಾಗಿದೆ ಎಂದು ಮೂರು ದಿನದ ಕೆಲಸ ಒಂದೇ ದಿನ ಎಳೆದುಕೊಳ್ಳುವುದಿಲ್ಲ. ಹೇಳಿಕೊಟ್ಟ ಉಸಿರಾಟದ ಅಭ್ಯಾಸ ಮಾಡುತ್ತೇನೆ. ವರ್ಷಗಳು ಕಳೆದ ಮೇಲೆ ಈಗ ಮುಕ್ಕಾಲು ಪಾಲು ಸರಿ, ಕಾಲು ಪಾಲು ಉಳಿದಿದೆ. ಹದಿನೆಂಟು ಮೆಟ್ಟಿಲಿಗೆ ಒಂದೇ ಸಲ ಕೂರುತ್ತೇನೆ. ಹಾಂ, ಒಂದು ಮಾತು. ಎದೆನೋವು, ತಲೆ ಸುತ್ತಿ ಬೀಳುವುದು, ಕಫದಲ್ಲಿ ರಕ್ತ, ಒಂದೇ ಕಾಲು ಊದುವುದು ಇದ್ದರೆ, ‘ಕೂತರೆ ಸರಿಹೋಗುತ್ತೆ’ ಅನ್ನದೆ ಆವತ್ತೇ ಡಾಕ್ಟರ ಬಳಿಗೆ ಹೋಗಿ.

ಇನ್ನು ನನ್ನ ತಪ್ಪಿನ ಕತೆ.

2006ರಲ್ಲಿ ನಮ್ಮ ಕಡೆ ಚಿಕುನ್‌ಗುನ್ಯ ಮನೆಮನೆಗೂ ಬಂತು. ಆಗ ನಾವು ಒಟ್ಟು ಕುಟುಂಬ. ನನ್ನ ಕಿರಿಯ ಓರಗಿತ್ತಿಗೆ ಜ್ವರ ಐದು ದಿನಕ್ಕೆ ಬಿಟ್ಟರೂ ಕೀಲುನೋವು ಬಿಡಲಿಲ್ಲ. ಆರು ತಿಂಗಳಾದರೂ ಬೆಳಿಗ್ಗೆ ಬೆರಳು ಮಡಿಸಲಾಗದು, ಬಟ್ಟೆ ಹಿಂಡಲಾಗದು, ಚಪಾತಿ ಲಟ್ಟಿಸಲಾಗದು. ಅವಳ ಪಾಲಿನ ಕೆಲಸವೂ ನನ್ನ ಮೇಲೆ ಬಿತ್ತು. ಎಕ್ಸ್‌ರೇ ತೆಗೆಸಿದರು, ಏನೂ ಇಲ್ಲ ಎಂದು ಬಂತು. ಆವತ್ತು ಅಡುಗೆಮನೆಯಲ್ಲಿ ನಿಂತು ನಾನು ಅತ್ತೆಯವರಿಗೆ ಅಂದೆ, ‘ಎಕ್ಸ್‌ರೇನಲ್ಲೇ ಏನೂ ಇಲ್ವಂತೆ. ಕೆಲಸ ಅಂದ್ರೆ ಮಾತ್ರ ನೋವು ಬರುತ್ತೆ.’ ಹಿತ್ತಲಲ್ಲಿ ಪಾತ್ರೆಯ ಸದ್ದು ಥಟ್ಟನೆ ನಿಂತಿತು. ಅವಳು ಅಲ್ಲಿದ್ದಳು. ಒಂದು ವರ್ಷದೊಳಗೆ ಅವರು ಅರಸೀಕೆರೆಯಲ್ಲಿ ಬೇರೆ ಮನೆ ಮಾಡಿದರು. ಹಬ್ಬಕ್ಕೆ ಬಂದರೂ ನಮ್ಮಿಬ್ಬರ ನಡುವೆ ‘ಊಟ ಆಯ್ತಾ, ಮಕ್ಕಳು ಹೇಗಿದ್ದಾರೆ’, ಅಷ್ಟೇ ಮಾತು.

ವಿಲ್ಹೆಲ್ಮ್ ರಾಂಟ್‌ಜನ್ ಎಂಬ ಜರ್ಮನ್ ವಿಜ್ಞಾನಿ 1895ರಲ್ಲಿ ಎಕ್ಸ್‌ರೇ ಕಂಡುಹಿಡಿದಾಗ, ತೆಗೆದ ಮೊದಮೊದಲ ಚಿತ್ರಗಳಲ್ಲಿ ಒಂದು ಅವನ ಹೆಂಡತಿಯ ಕೈಯದು. ಎಲುಬು ಕಂಡಿತು, ಬೆರಳಿನ ಉಂಗುರ ಕಂಡಿತು. ಲೋಕವೇ ಬೆರಗಾಯಿತು. ಆದರೆ ಆ ಕೈ ದಿನಕ್ಕೆ ಎಷ್ಟು ದುಡಿಯುತ್ತಿತ್ತು, ಎಲ್ಲಿ ನೋಯುತ್ತಿತ್ತು, ಅದು ಚಿತ್ರದಲ್ಲಿರಲಿಲ್ಲ. ಅದನ್ನು ಅವಳನ್ನೇ ಕೇಳಬೇಕಿತ್ತು. ನನ್ನ ಓರಗಿತ್ತಿಯನ್ನು ನಾನು ಕೇಳಲಿಲ್ಲ.

ಆ ವರ್ಷ ದಸರೆ ಕಳೆದ ಮೇಲೆ ಅರಸೀಕೆರೆಗೆ ಹೋದೆ. ಅವಳ ಮನೆ ಮೊದಲ ಮಹಡಿ. ನಡುವೆ ಕೂತು ಕೂತು ಹತ್ತಿದೆ. ನಾನು ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತಿದ್ದನ್ನು ನೋಡಿ ಅವಳು ಮೊದಲು ತಂದಿದ್ದು ಕುರ್ಚಿ. ಏನಾಯಿತು ಎಂದು ಆಮೇಲೆ ಕೇಳಿದಳು. ನಾನು ಎಲ್ಲ ಹೇಳಿದೆ. ಅಡುಗೆಮನೆಯ ಆ ಮಾತನ್ನೂ ಹೇಳಿ, ‘ತಪ್ಪಾಯ್ತು ಕಣೇ’ ಅಂದೆ.

ಅವಳು ತುಸು ಹೊತ್ತು ತನ್ನ ಬೆರಳುಗಳನ್ನೇ ನೋಡುತ್ತಿದ್ದಳು. ‘ಕೇಳಿಸಿತ್ತು ಅಕ್ಕ’ ಅಂದಳು. ‘ನೋವಿಗಿಂತ ಅದೇ ಜಾಸ್ತಿ ನೋಯ್ತು.’ ಮತ್ತೆ ಎದ್ದು, ‘ಕೂತಿರಿ, ಕಾಫಿ ಮಾಡ್ತೀನಿ. ನೀವು ಏಳಬೇಡಿ’ ಎಂದು ಒಳಗೆ ಹೋದಳು. ಡಿಕಾಕ್ಷನ್ ಇಳಿಯುವ ತನಕ ಇಬ್ಬರೂ ಮಾತಾಡಲಿಲ್ಲ. ಆದರೆ ಹದಿನಾರು ವರ್ಷದ ಮೇಲೆ ಅವತ್ತು ನಾನು ಅವಳ ಮನೆಯಲ್ಲಿ ಎರಡು ದಿನ ಉಳಿದೆ.

ಸೋದರಿಯರೇ, ಯಂತ್ರಗಳನ್ನು ಹಳಿಯಲು ನಾನು ಇದನ್ನು ಬರೆಯಲಿಲ್ಲ. ಅವು ಇನ್ನೂ ಸೂಕ್ಷ್ಮವಾಗಲಿ, ನಮ್ಮ ಊರುಗಳಿಗೂ ಬರಲಿ. ಅದುವರೆಗೆ, ನಿಮ್ಮ ಮನೆಯಲ್ಲಿ ಸೊಸೆಯೋ, ನಾದಿನಿಯೋ, ಕೆಲಸಕ್ಕೆ ಬರುವ ಹೆಂಗಸೋ ‘ಯಾಕೋ ಕೈಲಾಗ್ತಿಲ್ಲ’ ಅಂದರೆ ‘ರಿಪೋರ್ಟ್ ಏನು ಬಂತು?’ ಎಂದು ಕೇಳುವ ಮೊದಲು ಒಂದು ಕುರ್ಚಿ ಎಳೆದುಕೊಡಿ. ಆ ಮಾತು ನೀವೇ ಆಡುವ ದಿನ ಬಂದರೆ, ಅಳುಕದೆ ಆಡಿ.